ಹನ್ನೊಂದು ದಿನದ ಸುಣ್ಣ

ಸೋನ್ಯಾಳ, ತಾಲೂಕು ಜತ್ತ
೧೧ ಜನವರಿ ೧೯೫೩

ನೂರಮಹಮ್ಮದನಿಗೆ,

ಈ ಕಾಗದವನ್ನು ನಾನಾಗಿ ಬರೆಯುತ್ತಿಲ್ಲ. ಬರೆಸುತ್ತಿದ್ದಾರೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಮೂವತ್ತು ವರ್ಷ ಗಾರೆಯ ಕರಣೆ ಹಿಡಿದ ಕೈಗೆ ಟಾಕು ಕೊಟ್ಟು, ಮಸಿಕುಡಿಕೆ ಮುಂದಿಟ್ಟು ಕೂರಿಸಿದರೆ ಕುತ್ತಿಗೆ ನೋಯುತ್ತದೆ, ತಲೆ ಕಾಯುತ್ತದೆ. ನನ್ನ ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಪಾದ್ರಿಯವರು ಮೊನ್ನೆ ಜತ್ತಿನಿಂದ ಸೈಕಲ್ ತುಳಿದುಕೊಂಡು ಬಂದರು. ನನಗಿಂತ ಹದಿನೈದು ವರ್ಷ ಚಿಕ್ಕವರು. ನಮ್ಮ ಕಟ್ಟೆಯ ಮೇಲೆ ಕುಳಿತು ಎರಡು ಲೋಟ ಮಜ್ಜಿಗೆ ಕುಡಿದು ಹೇಳಿದರು: "ಸೋಮನಿಂಗಪ್ಪ, ನೂರಮಹಮ್ಮದಗ ಒಂದು ಕಾಗದಾ ಬರೀರಿ. ಮಾತು ನೆಟ್ಟಗಾಗೂತನಕ ನೀವು ಸಭಾದ ಹಿರಿಯರಲ್ಲ. ಪ್ರಭುಭೋಜನದ ರೊಟ್ಟಿಗೂ ಕೈ ಚಾಚಬ್ಯಾಡ್ರಿ." ನನ್ನದೇ ಮಜ್ಜಿಗೆ ಕುಡಿದು ಹಾಗಂದರು!

ಇಪ್ಪತ್ತೆರಡು ವರ್ಷ ಆ ರೊಟ್ಟಿಯ ತಾಟನ್ನು ಎಲ್ಲರ ಮುಂದೆ ಹಿಡಿದವನು ನಾನು. ಈಗ ಬಾಗಿಲ ಹತ್ತಿರ ಕುಳಿತು, ನಿನ್ನೆ ಮೊನ್ನೆ ಸಭೆ ಸೇರಿದವರು ತಿನ್ನುವುದನ್ನು ನೋಡಬೇಕು. ಬಾಗಿಲು ಅಂತ ಬರೆದೆ. ಬಾಗಿಲು ಎಲ್ಲಿದೆ? ಕಮಾನು ಬಿದ್ದ ಮೇಲೆ ಅಲ್ಲಿ ಜೋಳದ ದಂಟಿನ ತಟ್ಟಿ ಕಟ್ಟಿದ್ದಾರೆ. ಗಾಳಿ ಬಂದರೆ ಪಟಪಟ ಅನ್ನುತ್ತದೆ, ಪ್ರಾರ್ಥನೆ ಕೇಳುವುದಿಲ್ಲ.

ಆದದ್ದೆಲ್ಲ ನಿನಗೆ ಗೊತ್ತು. ಆದರೂ ಪೂರಾ ಬರೆಯಬೇಕಂತೆ, ಅದಕ್ಕೆ ಬರೆಯುತ್ತೇನೆ. ಹೋದ ದೀಪಾವಳಿಯ ಮುಂದೆ ನಮ್ಮ ಪ್ರಾರ್ಥನೆಯ ಮನೆಯ ಕಮಾನನ್ನು ನಾನು ಕಟ್ಟಿದೆ. ಸುಣ್ಣ ನಿನ್ನ ಭಟ್ಟಿಯದು. ಮುಂಬಯಿಯಿಂದ ಮಿಶನ್ನಿನ ದೊಡ್ಡ ಸಾಹೇಬರು ಬಂದು ಬಾಗಿಲು ತೆರೆದು ಹೋದರು. ಎಂಟು ದಿನಕ್ಕೆ ಕಮಾನು ಬಾಯಿ ಬಿಟ್ಟಿತು, ಕಸ ಹೊಡೆಯುತ್ತಿದ್ದ ನನ್ನ ಹಾಲವ್ವನ ಎಡಗಾಲಿನ ಮೇಲೆ ಬಿತ್ತು. ಮರು ವಾರ ಜತ್ತಿನ ಸಂತೆಯಲ್ಲಿ ನಿಂತು ನಾನು, ನೂರಮಹಮ್ಮದ ಮಾರುವುದು ಸುಣ್ಣವಲ್ಲ, ಬೂದಿ ಅಂದೆ. ಜನ ನಿನ್ನ ಹತ್ತಿರ ಕೊಳ್ಳುವುದನ್ನು ಬಿಟ್ಟರು. ನೀನು ಭಟ್ಟಿ ಆರಿಸಿ ವಿಜಾಪುರಕ್ಕೆ ಮಗಳ ಮನೆಗೆ ಹೋಗಿ ಕುಳಿತೆ.

ಸಿಟ್ಟಿನಲ್ಲಿ ಅಂದ ಮಾತು ಅದು. ಹೆಂಡತಿಯ ಕಾಲು ಜಜ್ಜಿದಾಗ ಯಾವ ಗಂಡಸಿನ ಬಾಯಲ್ಲಿ ಸಕ್ಕರೆ ಸುರಿಯುತ್ತದೆ? ಆ ಮಾತಿನಿಂದ ನಿನಗೆ ನೋವಾಗಿದ್ದರೆ ಬಿಟ್ಟುಬಿಡು. ನಿನ್ನ ಸುಣ್ಣ ಚೆನ್ನಾಗಿಯೂ ಇದ್ದಿರಬಹುದು. ಹೊಂಡದಲ್ಲಿ ಎಷ್ಟು ದಿನ ಇತ್ತು ಅನ್ನುವುದು ನಮ್ಮಿಬ್ಬರ ನಡುವಿನ ಮಾತು. ಅದನ್ನು ಸಂತೆಯ ಜನರೆದುರು, ಸಭೆಯ ಎದುರು ಎತ್ತುವ ಕಾರಣವಿಲ್ಲ. ಊರಿಗೆ ಬಾ, ಭಟ್ಟಿ ಹಚ್ಚು. ಯಾರಾದರೂ ಕೇಳಿದರೆ ಮಾತು ಮುಗಿಯಿತು ಅಂತ ನಾನು ಹೇಳುತ್ತೇನೆ.

ಪಾದ್ರಿಯವರಿಗೆ ತೋರಿಸಲು ಒಂದು ಸಾಲು ಬರೆದು ಕಳಿಸು.

ಸೋಮನಿಂಗಪ್ಪ ಗೌಂಡಿ


ವಿಜಾಪುರ
೨ ಫೆಬ್ರುವರಿ ೧೯೫೩

ಸೋಮನಿಂಗಪ್ಪನಿಗೆ ನೂರಮಹಮ್ಮದನ ಸಲಾಮು. ನಾನು ಹೇಳುತ್ತೇನೆ, ಖುರಷೀದ ಬರೆಯುತ್ತಾಳೆ.

ನಿನ್ನ ಕಾಗದ ಬಂತು. ಮಗಳು ಎರಡು ಸಲ ಓದಿದಳು. ಅದರಲ್ಲಿ ಪಾದ್ರಿಯವರಿದ್ದಾರೆ, ಮಜ್ಜಿಗೆ ಇದೆ, ನಿನ್ನ ಕುತ್ತಿಗೆ ನೋವಿದೆ. ನಾನು ಎಲ್ಲಿಯೂ ಕಾಣಲಿಲ್ಲ.

ಪೂರಾ ಬರೆದಿದ್ದೇನೆ ಅಂದೆಯಲ್ಲ, ಬಿಟ್ಟದ್ದನ್ನು ನಾನು ಬರೆಸುತ್ತೇನೆ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹೊಡೆದು ಹೊಂಡದಲ್ಲಿ ಅರಳಲು ಬಿಟ್ಟರೆ ನಲವತ್ತು ದಿನ ಅದನ್ನು ಮುಟ್ಟಬಾರದು. ಇದು ನಮ್ಮಪ್ಪನ ಕಾಲದ ಲೆಕ್ಕ. ದಿನಕ್ಕೊಂದು ಗಂಟಿನಂತೆ ಹಗ್ಗಕ್ಕೆ ಗಂಟು ಹಾಕಿ ಹೊಂಡದ ಬದಿಯ ಬೇವಿನ ಮರಕ್ಕೆ ಕಟ್ಟುತ್ತೇವೆ. ಮೇಲೆ ಬೆಣ್ಣೆಯ ಹಾಗೆ ಕಂಡರೂ ಒಳಗೆ ಹಸಿ ಹರಳು ಉಳಿದಿರುತ್ತವೆ. ಗೋಡೆಯೊಳಗೆ ಹೋದ ಮೇಲೆ ಅವು ನೀರು ಕುಡಿದು ಉಬ್ಬುತ್ತವೆ, ಕಲ್ಲನ್ನೇ ನೂಕುತ್ತವೆ. ಇದು ನಿನಗೆ ಗೊತ್ತಿಲ್ಲವೇ? ನನಗಿಂತ ಚೆನ್ನಾಗಿ ಗೊತ್ತು.

ನೀನು ಗಾಡಿ ತಂದ ದಿನ ಹಗ್ಗದಲ್ಲಿ ಹನ್ನೊಂದು ಗಂಟು ಇದ್ದವು. ನಾನು ಹೊಂಡದ ಅಂಚಿಗೆ ಅಡ್ಡ ನಿಂತು ಹೇಳಿದೆ:

"ಇನ್ನೂ ಇಪ್ಪತ್ತೊಂಬತ್ತ ದಿನಾ ಐತಿ, ಸೋಮ್ಯಾ. ಕೈ ಹಚ್ಚಬ್ಯಾಡ."

"ದೊಡ್ಡ ಸಾಹೇಬರು ಬರೂ ತಾರೀಖ ಗೊತ್ತಾಗೇತಿ. ಅವರಿಗೆ ನಿನ್ನ ಹಗ್ಗಾ ತೋರಸ್ಲೇನು?"

"ತಾರೀಖ ಮುಂದ ಹಾಕ್ರಿ."

"ಮೂವತ್ತ ವರ್ಷ ಗ್ವಾಡಿ ಕಟ್ಟೇನಿ. ಸುಣ್ಣಾ ಸುಡಾಂವ ನನಗ ಕಲಸ್ತಿಯೇನಲೇ? ಸರಿ ಅತ್ತಾಗ!"

ಎದೆಯ ಮೇಲೆ ಕೈಯಿಟ್ಟು ನೂಕಿದೆ. ನಾನು ಸರಿದೆ. ಸರಿಯಬಾರದಿತ್ತು. ಅದು ನನ್ನ ತಪ್ಪು. ಹಾಲವ್ವ ವೈನಿಯ ಕಾಲಿನ ಸುದ್ದಿ ಕೇಳಿದ ದಿನದಿಂದ ಅದನ್ನೇ ನೆನೆಯುತ್ತೇನೆ.

ಈಗ ನಮ್ಮಿಬ್ಬರ ನಡುವಿನ ಮಾತು ಅನ್ನುತ್ತೀ. ನೀನು ಬೂದಿ ಅಂದಾಗ ನಾವಿಬ್ಬರೇ ಇದ್ದೆವೇನು? ಅರ್ಧ ತಾಲೂಕು ಇತ್ತು. ಸಂತೆಯಲ್ಲಿ ಅಂದದ್ದನ್ನು ಸಂತೆಯಲ್ಲೇ ಹಿಂದೆ ತೆಗೆದುಕೋ. ಭಟ್ಟಿಯ ಮಾತು ಆಮೇಲೆ.

ನಿನ್ನ ಪಾದ್ರಿಯವರಿಗೆ ತೋರಿಸಲು ಇಷ್ಟು ಸಾಲು ಸಾಕೇನು? ವೈನಿಗೆ ಸಲಾಮು ತಿಳಿಸು.

ನೂರಮಹಮ್ಮದ


ಸೋನ್ಯಾಳ
೧ ಮಾರ್ಚ್ ೧೯೫೩

ನೂರಮಹಮ್ಮದ,

ನಿನ್ನ ಕಾಗದವನ್ನು ಪಾದ್ರಿಯವರಿಗೆ ತೋರಿಸಲಿಲ್ಲ. ಅದನ್ನು ಏನು ಮಾಡಿದೆ ಅಂತಲೂ ಕೇಳಬೇಡ.

ಮಗಳ ಕೈಯಿಂದ ಬರೆಸುತ್ತೀಯಲ್ಲ, ನಾಚಿಕೆಯಿಲ್ಲವೇ? ನಿನ್ನ ನನ್ನ ಮಾತು ಆ ಹುಡುಗಿಯ ಕಿವಿಗೇಕೆ? ಚಿಕ್ಕವಳಿದ್ದಾಗ ನನ್ನ ಹೆಗಲ ಮೇಲೆ ಕುಳಿತು ಮೊಹರಮ್ ನೋಡಿದವಳು. ಈಗ ಅವಳು, ಸೋಮನಿಂಗಪ್ಪ ಕಾಕಾ ಅಪ್ಪನನ್ನು ನೂಕಿದರು ಅಂತ ತನ್ನ ಕೈಯಿಂದಲೇ ಬರೆದಳು.

ಪಾದ್ರಿಯವರು ಹೊಸ ದಾರಿ ಹಿಡಿದಿದ್ದಾರೆ. ನನಗೆ ಉಪದೇಶ ಮಾಡುವುದಿಲ್ಲ. "ಸೌಲ ಅರಸನ ಸಂಗತಿ ಓದ್ರಿ. ಓದಿ ಏನ್ ತಿಳೀತಂತ ನನಗ ಹೇಳಬ್ಯಾಡ್ರಿ, ನೂರಮಹಮ್ಮದಗ ಬರೀರಿ" ಅಂದರು. ಇದೇನು ಶಿಕ್ಷೆ? ನನ್ನಪ್ಪ ಸಭೆ ಸೇರಿದಾಗ ಹೆಸರು ಕೂಡ ಬದಲಿಸಲಿಲ್ಲ, ಆದರೆ ನನಗೆ ಕನ್ನಡದ ಅಕ್ಷರ ಕಲಿಸಿದ್ದು ಆ ಗ್ರಂಥದಿಂದಲೇ. ಸೌಲನನ್ನು ನಾನು ಓದಿಲ್ಲವೇ?

ಕೇಳು. ಸೌಲನಿಗೆ ಯುದ್ಧಕ್ಕೆ ಹೋಗು, ಕೊಳ್ಳೆಯಲ್ಲಿ ಒಂದು ಕುರಿಯನ್ನೂ ಇಟ್ಟುಕೊಳ್ಳಬೇಡ ಅಂತ ದೇವರ ಅಪ್ಪಣೆ. ಅವನು ಚೆನ್ನಾಗಿರುವ ಕುರಿಗಳನ್ನೆಲ್ಲ ಇಟ್ಟುಕೊಂಡ. ಪ್ರವಾದಿ ಸಮುವೇಲ ಬಂದಾಗ, ಹೇಳಿದಂತೆಯೇ ಮಾಡಿದೆ ಅಂದ. ಆ ಮುದುಕ, ಹಾಗಾದರೆ ಈ ಬ್ಯಾ ಬ್ಯಾ ಸದ್ದು ಎಲ್ಲಿಯದು ಅಂತ ಕೇಳಿದ. ಸೌಲ, ನಾನಲ್ಲ, ಜನ ಇಟ್ಟುಕೊಂಡರು ಅಂದ. ಮುದುಕ ಬಿಡಲಿಲ್ಲ. ಕೊನೆಗೆ ಸೌಲ, ಆಯಿತು, ತಪ್ಪು ನನ್ನದು, ಆದರೆ ನಮ್ಮ ಜನದ ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು ಅಂದ.

ಇದರಲ್ಲಿ ತಪ್ಪೇನಿದೆ? ತಪ್ಪು ಒಪ್ಪಿಕೊಂಡನಲ್ಲ. ಅರಸನಾದವನು ಹಿರಿಯರ ಮುಂದೆ ಮಾನ ಬಿಡಬೇಕೇನು? ಜೋರಾಗಿಯೇ ಓದುತ್ತಿದ್ದೆ, ಜೋರಾಗಿಯೇ ಅಂದೆ: "ಅವನ ಜಾಗಾದಾಗ ನಾ ಇದ್ರೂ ಇದನ್ನ ಅಂತಿದ್ದೆ."

ಹಾಲವ್ವ ಹೊರಸಿನ ಮೇಲೆ ಕಾಲು ಚಾಚಿ ಕಡಲೆ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಅಂತಿದ್ದೆ ಅಂತೀರೇನು? ಜನವರಿ ತಿಂಗಳದಾಗ ಬರದ ಕಳಿಸೀರಲ್ಲ" ಅಂದಳು.

ಈ ಮನೆಯಲ್ಲಿ ಗಂಡಸು ಒಂದು ಪುಟ ಓದುವ ಹಾಗಿಲ್ಲ. ಗ್ರಂಥ ಮುಚ್ಚಿಟ್ಟು ಹೊಲಕ್ಕೆ ಹೋದೆ.

ತಿಳಿದದ್ದು ಇಷ್ಟು, ಬರೆದಿದ್ದೇನೆ. ಅರಸರಿಗೆ ಬುದ್ಧಿ ಹೇಳಲು ಪ್ರವಾದಿಗಳು ಬಂದರು, ಸುಣ್ಣ ಸುಡುವವರು ಬರಲಿಲ್ಲ. ನೀನು ಬರದಿದ್ದರೆ ಬರಬೇಡ. ಮರಳಿ ಕಾಗದವನ್ನೂ ಹಾಕಬೇಡ.

ಸೋಮನಿಂಗಪ್ಪ


ವಿಜಾಪುರ
೭ ಜೂನ್ ೧೯೫೩

ಸೋಮನಿಂಗಪ್ಪ ಕಾಕಾ ಅವರಿಗೆ ಖುರಷೀದಳ ಸಲಾಮು.

ಈ ಕಾಗದ ಅಬ್ಬಾಗೆ ಗೊತ್ತಿಲ್ಲ. ನೀವು ಮರಳಿ ಬರೆಯಬೇಡ ಅಂದದ್ದು ಅವರಿಗೆ, ನನಗಲ್ಲ ಅಂದುಕೊಂಡು ಬರೆಯುತ್ತಿದ್ದೇನೆ.

ಇಲ್ಲಿ ಸ್ಟೇಶನ್ ಆಚೆ ಒಂದು ದೊಡ್ಡ ಸುಣ್ಣದ ಭಟ್ಟಿ ಇದೆ. ಅಬ್ಬಾ ಅಲ್ಲಿ ಉರಿ ನೋಡುವ ಉಸ್ತಾದ ಆಗುತ್ತಾರೆ, ಮಾಲಕರು ಒಪ್ಪಿದ್ದಾರೆ ಅಂತ ಸಂಕ್ರಾಂತಿಯಲ್ಲಿ ನಾವೆಲ್ಲ ಖುಷಿಯಲ್ಲಿದ್ದೆವು. ಅಷ್ಟರಲ್ಲಿ ನಿಮ್ಮ ಕಡೆಯ ಒಬ್ಬ ವ್ಯಾಪಾರಿ ಅಲ್ಲಿಗೆ ಬಂದವರು ಅಬ್ಬಾನ ಗುರುತು ಹಿಡಿದು ನಕ್ಕರಂತೆ. "ಇಂವನs ಅಲ್ಲೇನ್ರಿ ಬೂದಿ ನೂರ್ಯಾ? ಇಂವನ ಸುಣ್ಣಕ್ಕ ದೇವರ ಮನಿ ಬಿದ್ದೈತಿ" ಅಂದರಂತೆ. ಮಾಲಕರು ಕೆಲಸದಿಂದ ತೆಗೆಯಲಿಲ್ಲ. ಸುಣ್ಣ ಮುಟ್ಟಬೇಡ, ಕಟ್ಟಿಗೆ ಹೊರು ಅಂದರು. ಅಬ್ಬಾ ಈಗ ಕಟ್ಟಿಗೆ ಹೊರುತ್ತಾರೆ. ಉರಿಯ ಬಣ್ಣ ನೋಡಿ ಸುಣ್ಣ ಬೆಂದಿತೋ ಇಲ್ಲವೋ ಹೇಳುವವರು, ಉರಿಯಿಂದ ಹತ್ತು ಮಾರು ದೂರ ನಿಂತು ಹೊರೆ ಇಳಿಸಿ ಬರುತ್ತಾರೆ. ಅಲ್ಲಿನ ಹುಡುಗರೆಲ್ಲ ಬೂದಿ ಚಾಚಾ ಅಂತಲೇ ಕರೆಯುತ್ತಾರೆ. ಅಬ್ಬಾ ಆ ಹೆಸರಿಗೆ ಓ ಅನ್ನುವುದನ್ನು ನಾನು ಕೇಳಿದೆ. ಬುತ್ತಿ ಒಯ್ದಿದ್ದೆ. ಅಲ್ಲಿಯೇ ಇಟ್ಟು ಬಂದುಬಿಟ್ಟೆ.

ಕಾಕಾ, ಅವರಿಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟು ಇದ್ದಿದ್ದರೆ ಚಲೋ ಇತ್ತು. ಊರಿನಿಂದ ಯಾರಾದರೂ ಬಂದರೆ ಹಾಲವ್ವ ಚಿಕ್ಕಮ್ಮನ ಕಾಲು ಹೇಗಿದೆ ಅಂತ ಕೇಳುತ್ತಾರೆ. ನಿಮ್ಮನ್ನು ಕೇಳುವುದಿಲ್ಲ.

ನಾನು ಚಿಕ್ಕವಳು, ಹೆಚ್ಚು ಬರೆಯಬಾರದು. ನೀವು ಅಂದ ಒಂದು ಮಾತು ಇಷ್ಟು ದೂರ ನಡೆದು ಬಂದಿದೆ ಅನ್ನುವುದು ನಿಮಗೆ ಗೊತ್ತಿರಲಿ.

ನಿಮ್ಮ ಮಗಳ ಸಮಾನ
ಖುರಷೀದ


ಸೋನ್ಯಾಳ
೨ ಆಗಸ್ಟ್ ೧೯೫೩

ನೂರ್ಯಾ,

ಬರೆಯಬೇಡ ಅಂದವನು ನಾನೇ, ಬರೆಯುತ್ತಿರುವವನೂ ನಾನೇ. ಈ ಸಲ ಯಾರೂ ಬರೆಸುತ್ತಿಲ್ಲ. ಪಾದ್ರಿಯವರು ಎರಡು ತಿಂಗಳಿಂದ ಇತ್ತ ಬಂದಿಲ್ಲ, ಅವರ ಮನೆಯಲ್ಲಿ ಕೂಸು ಹುಟ್ಟಿದೆ.

ನೀನು ಕಟ್ಟಿಗೆ ಹೊರುತ್ತೀ ಅಂತ ತಿಳಿಯಿತು. ಯಾರು ಹೇಳಿದರು ಅಂತ ಕೇಳಬೇಡ. ಎರಡು ತಿಂಗಳು ಆ ಸುದ್ದಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗಿದೆ. ಕೂತಲ್ಲಿ ಕೂಡಲಾಗುತ್ತಿಲ್ಲ. ಸನಮಡಿಯಲ್ಲಿ ಒಂದು ಬಾವಿಯ ಕಟ್ಟೆ ಕೆಲಸ ಹಿಡಿದೆ, ಅರ್ಧಕ್ಕೆ ಬಿಟ್ಟು ಬಂದೆ. ಕಲ್ಲಿನ ಮೇಲೆ ಸುಣ್ಣ ಹಚ್ಚುವಾಗೆಲ್ಲ ಕೈ ನಿಲ್ಲುತ್ತದೆ.

ಹೋದ ಆದಿತ್ಯವಾರ ಮಳೆಯೆಂದು ಸಭೆ ಕೂಡಲಿಲ್ಲ. ಹಾಲವ್ವ, "ಮನ್ಯಾಗ ಓದ್ರಿ, ಕೇಳ್ತೀನಿ" ಅಂದಳು. ಕೈಗೆ ಬಂದ ಪುಟ ತೆರೆದೆ. ದಾವೀದ ಅರಸನ ಸಂಗತಿ. ಬೇರೆಯವನ ಹೆಂಡತಿಯನ್ನು ತನ್ನ ಮನೆಗೆ ತಂದುಕೊಂಡು, ಗಂಡನನ್ನು ಯುದ್ಧದಲ್ಲಿ ಮುಂದೆ ನಿಲ್ಲಿಸಿ ಸಾಯಿಸಿದ್ದ. ಆಗ ನಾತಾನನೆಂಬ ಪ್ರವಾದಿ ಬಂದು ಒಂದು ದೂರು ಹೇಳಿದ. ಒಂದೂರಲ್ಲಿ ಕುರಿಮಂದೆ ಇದ್ದ ಸಾಹುಕಾರ, ಒಂದೇ ಒಂದು ಮರಿ ಇದ್ದ ಬಡವ. ಸಾಹುಕಾರನ ಮನೆಗೆ ಬೀಗರು ಬಂದರು. ಅವನು ತನ್ನ ಮಂದೆ ಬಿಟ್ಟು ಆ ಬಡವನ ಮರಿಯನ್ನೇ ಕಿತ್ತು ತಂದು ಕೊಯ್ದ.

ಸಭೆಯಲ್ಲಿ ಇದನ್ನು ಇಪ್ಪತ್ತು ಸಲ ಓದಿರಬೇಕು. ಈ ಸಲವೂ ನನಗೆ ಮೊದಲಿನ ಹಾಗೆಯೇ ಮೈ ಉರಿಯಿತು. "ಅಂಥಾಂವನ್ನ ಕಂಬಕ್ಕ ಕಟ್ಟಿ ಬಾರಕೋಲಿಲೆ ಹೊಡೀಬೇಕು" ಅಂದೆ.

ಹಾಲವ್ವ ಕೇಳಿದಳು: "ಕಮಾನ ಬಿದ್ದ ದಿನಾ ರುಮಾಲಿನ್ಯಾಗ ಏನ ಕಟಗೊಂಡ ಹೋದ್ರಿ?"

ನಾನು ಗ್ರಂಥ ಮುಚ್ಚಿದೆ.

ನೂರ್ಯಾ, ಇದು ನಿನಗೂ ಗೊತ್ತಿಲ್ಲ. ಕಮಾನು ಬಿದ್ದಾಗ ಅವಳನ್ನು ಎತ್ತಿ ಪಕ್ಕದ ಬೇವಿನ ಕೆಳಗೆ ಮಲಗಿಸಿ, ಜನ ಗಾಡಿ ತರಲು ಓಡಿದ್ದರು. ನಾನೊಬ್ಬನೇ ಇದ್ದೆ. ಬಿದ್ದ ಕಲ್ಲುಗಳ ಸಂದಿಯಲ್ಲಿ ಬೆಳ್ಳಗೆ, ಅವರೆಕಾಳಿನಷ್ಟು, ಹುಣಸೆ ಬೀಜದಷ್ಟು ಹರಳುಗಳು ಒಡೆದು ಅರಳಿದ್ದವು. ನೋಡಿದ ಕೂಡಲೆ ತಿಳಿಯಿತು. ಯಾವ ಗೌಂಡಿ ನೋಡಿದರೂ ತಿಳಿಯುತ್ತಿತ್ತು. ನಾನು ರುಮಾಲು ಬಿಚ್ಚಿದೆ, ಒಂದೊಂದನ್ನೇ ಆರಿಸಿ ಕಟ್ಟಿದೆ, ಹಳ್ಳದ ಮಡುವಿನಲ್ಲಿ ಒಗೆದು ಬಂದೆ. ಹೆಂಡತಿ ನರಳುತ್ತಿದ್ದಳು, ನಾನು ಹರಳು ಆರಿಸುತ್ತಿದ್ದೆ. ಅವಳು ಕಣ್ಣು ಮುಚ್ಚಿದ್ದಾಳೆ ಅಂದುಕೊಂಡಿದ್ದೆ.

ಅದರ ಮರುವಾರ ನಿನ್ನ ಸುಣ್ಣಕ್ಕೆ ಬೂದಿ ಅಂದೆ. ಸಿಟ್ಟಿನಲ್ಲಿ ಅಂದೆ ಅಂತ ನಿನಗೆ ಬರೆದಿದ್ದೆ. ಸುಳ್ಳು. ಯಾರೂ ಕೇಳುವ ಮೊದಲೇ ಅನ್ನಬೇಕು ಅಂತ ಯೋಚಿಸಿ ಅಂದೆ.

"ಒಂಬತ್ತ ತಿಂಗಳಾತು, ಯಾಕ ಕೇಳಲಿಲ್ಲ?" ಅಂದೆ ಹಾಲವ್ವನಿಗೆ.

"ಕೇಳಿದ್ರ ಏನ್ ಮಾಡತಿದ್ರಿ?"

ಏನು ಮಾಡುತ್ತಿದ್ದೆ ಅನ್ನುವುದು ಅವಳಿಗೂ ಗೊತ್ತು, ನನಗೂ ಗೊತ್ತು, ಎದೆ ಮುಟ್ಟಿ ನೋಡಿಕೊಂಡರೆ ನಿನಗೂ ಗೊತ್ತು.

ದಾವೀದ ಆ ಪ್ರವಾದಿಯನ್ನು ಹೊರಗೆ ಹಾಕಿಸಲಿಲ್ಲ. ನಾನು ಅರಸ, ನೀನ್ಯಾರು ಅನ್ನಲಿಲ್ಲ. ಮರ್ಯಾದೆ ಉಳಿಸು ಅಂತಲೂ ಕೇಳಲಿಲ್ಲ. ತಪ್ಪು ನನ್ನದು ಅಂದು ಸುಮ್ಮನಾದ. ಸೌಲನೂ ಅದೇ ಮಾತು ಅಂದಿದ್ದ, ಆದರೆ ಅದರ ಹಿಂದೆ ಒಂದು 'ಆದರೆ' ಜೋಡಿಸಿದ್ದ. ಇಷ್ಟು ತಿಳಿಯಲು ನನಗೆ ಐವತ್ತೆಂಟು ವರ್ಷ ಬೇಕಾಯಿತು.

ತಪ್ಪು ನನ್ನದು. ನಿನ್ನ ಸುಣ್ಣ ಚೆನ್ನಾಗಿತ್ತು. ನಾನು ಹನ್ನೊಂದು ದಿನಕ್ಕೆ ತೆಗೆದೆ. ಇಗೋ ಬರೆದೆ. ಇನ್ನು ಬಾ.

ಸೋಮನಿಂಗಪ್ಪ


ವಿಜಾಪುರ
೩೦ ಆಗಸ್ಟ್ ೧೯೫೩

ಸೋಮ್ಯಾ,

ನಿಮ್ಮ ದಾವೀದ ಅರಸ ನಮಗೆ ದಾವೂದ್ ನಬಿ, ಪ್ರವಾದಿ. ಅವರ ಹತ್ತಿರ ಕುರಿಯ ದೂರು ಬಂದ ಸಂಗತಿ ನಮ್ಮ ಮೌಲವಿಯವರೂ ಹೇಳುತ್ತಾರೆ. ನಮ್ಮಲ್ಲಿ ತೊಂಬತ್ತೊಂಬತ್ತು ಕುರಿ ಒಬ್ಬನವು, ಒಂದು ಇನ್ನೊಬ್ಬನದು. ಹೆಂಗಸಿನ ಮಾತನ್ನು ನಾವು ನಬಿಯವರ ಬಗ್ಗೆ ಅನ್ನುವುದಿಲ್ಲ. ಖುರಷೀದ ಆ ಸಾಲನ್ನು ನುಂಗಿ ಓದಿದಳು, ನಾನು ಗದರಿಸಿ ಮತ್ತೆ ಓದಿಸಿ, ಆಮೇಲೆ ತೋಬಾ ತೋಬಾ ಅಂದೆ. ಮುಂದೆ ಬರೆಯುವಾಗ ನೋಡಿ ಬರೆ.

ಹರಳು ಆರಿಸಿದ್ದು ನನಗೆ ಗೊತ್ತಿರಲಿಲ್ಲ. ಕೇಳಿದ ಮೇಲೆ ಎರಡು ದಿನ ಉಣ್ಣಲಿಲ್ಲ. ಸುಣ್ಣವೇ ಕೆಟ್ಟಿರಬಹುದೇನೋ ಅಂತ ಒಂದೊಂದು ಸಲ ನನಗೇ ಅನುಮಾನ ಬಂದಿತ್ತು, ಸೋಮ್ಯಾ. ಉರಿ ಕಡಿಮೆ ಬಿತ್ತೇನೋ, ಕಲ್ಲು ಕೆಟ್ಟದ್ದಿತ್ತೇನೋ ಅಂತ. ಕಟ್ಟಿಗೆ ಹೊರುವಾಗ ಅದನ್ನೇ ಲೆಕ್ಕ ಹಾಕುತ್ತಿದ್ದೆ. ನನ್ನ ಕೈಯ ಮೇಲೆ ನನಗೇ ಇದ್ದ ಭರವಸೆಯನ್ನೂ ನೀನು ಆ ರುಮಾಲಿನಲ್ಲಿ ಕಟ್ಟಿಕೊಂಡು ಹೋಗಿದ್ದೆ.

ನೀನು ನನಗೆ ಹೇಳಿದೆ, ಚಲೋ ಆಯಿತು. ಆದರೆ ಸುಣ್ಣ ಹನ್ನೊಂದು ದಿನದ್ದು ಅನ್ನುವುದನ್ನು ಯಾರಿಗಾದರೂ ಹೇಳಬೇಕಾಗಿರಲಿಲ್ಲ ಅಂದರೆ ಅದು ನನಗೊಬ್ಬನಿಗೆ. ನಾನು ಅಲ್ಲೇ ಇದ್ದೆನಲ್ಲ.

ಯೂನುಸ್ ನಬಿಯವರನ್ನು ನೀವು ಯೋನ ಅನ್ನುತ್ತೀರಿ. ಹೋಗು ಅಂದ ಕಡೆ ಹೋಗದೆ ಹಡಗು ಹತ್ತಿದರು, ಮೀನಿನ ಹೊಟ್ಟೆ ಸೇರಿದರು. ಅಲ್ಲಿ ಕುಳಿತು ಹಡಗಿನವರನ್ನು ದೂರಲಿಲ್ಲ, ಸಮುದ್ರ ಕೆಟ್ಟದ್ದು ಅನ್ನಲಿಲ್ಲ. ಜುಲುಮು ಮಾಡಿದವನು ನಾನೇ ಅಂದರು. ಅಷ್ಟಕ್ಕೆ ಮೀನು ಅವರನ್ನು ದಂಡೆಗೆ ಬಿಟ್ಟಿತು. ಆದರೆ ಆಮೇಲೆ? ಮನೆಗೆ ಬಂದು ಮಲಗಲಿಲ್ಲ. ಮೊದಲು ಯಾವ ಊರಿಗೆ ಹೋಗಲು ಒಲ್ಲೆ ಅಂದಿದ್ದರೋ ಅದೇ ಊರಿಗೆ ಹೋದರು ಅಂತ ನೀನೇ ಹೇಳಿದ್ದೆ, ನೆನಪಿದೆಯೇ?

ನಿನ್ನ ಊರು ಯಾವುದು ಅಂತ ನಾನು ಹೇಳಬೇಕಾಗಿಲ್ಲ.

ನೂರಮಹಮ್ಮದ


ಸೋನ್ಯಾಳ
೨೨ ನವೆಂಬರ್ ೧೯೫೩

ನೂರ್ಯಾ,

ಉತ್ತರಕ್ಕೆ ತಡವಾಯಿತು. ಕೆಲಸ ಮುಗಿಸಿ ಬರೆಯೋಣ ಅಂತ ಇದ್ದೆ. ಮುಗಿಯುವ ಜಾತಿಯ ಕೆಲಸವಲ್ಲ ಇದು.

ಸೆಪ್ಟೆಂಬರಿನಲ್ಲಿ ಜತ್ತಿನ ಸಂತೆಗೆ ಹೋದೆ. ಅಂದು ನಿಂತಿದ್ದ ಜಾಗದಲ್ಲೇ, ಕಾಳಿನ ಅಂಗಡಿಗಳ ಮುಂದೆ ನಿಂತೆ. ಬಾಯಿ ತೆರೆಯುವುದರೊಳಗೆ ಕಾಳಿನ ವ್ಯಾಪಾರಿ ಶಿವಯೋಗೆಪ್ಪ, "ಏನ್ ಗೌಂಡ್ಯಾರ, ಇವತ್ತ ಯಾರ ಸುಣ್ಣಕ್ಕ ಬೂದಿ ಅನ್ನಾಕ ಬಂದೀರಿ?" ಅಂತ ಎಲ್ಲರಿಗೂ ಕೇಳುವ ಹಾಗೆ ಅಂದ. ಜನ ನಕ್ಕರು. ನನಗೆ ಏರಿಬಿಟ್ಟಿತು. ಅವನ ಮೆಣಸಿನಕಾಯಿ ಬುಟ್ಟಿಯನ್ನು ಒದ್ದೆ. ಕೈ ಕೈ ಮಿಲಾಯಿಸುವ ಹಂತಕ್ಕೆ ಬಂತು. ಹೇಳಲು ಬಂದ ಮಾತನ್ನು ಆಡದೆಯೇ, ಸೀನುತ್ತ, ಎರಡು ಹರದಾರಿ ಬೈದುಕೊಳ್ಳುತ್ತ ಮನೆಗೆ ಬಂದೆ.

"ಹೇಳಿದ್ರೇನು?" ಅಂದಳು ಹಾಲವ್ವ.

"ಹೇಳಾಕ ಬಿಡಲಿಲ್ಲ ಆ ಮಗಾ."

"ಬುದ್ಧಿ ಹೇಳಿದವರನ್ನ ನೂಕತೀರಿ, ಚ್ಯಾಷ್ಟಿ ಮಾಡಿದವರನ್ನ ಒದೀತೀರಿ. ನಿಮ್ಮ ಜೋಡಿ ದೇವರs ಮಾತಾಡಬೇಕು."

ಮುಂದಿನ ವಾರ ಮತ್ತೆ ಹೋದೆ. ಈ ಸಲ ಅವಳೂ ಕೋಲು ಊರಿಕೊಂಡು ಗಾಡಿಯಲ್ಲಿ ಬಂದಳು. ಶಿವಯೋಗೆಪ್ಪನಿಗೆ ಮೊದಲು ಬುಟ್ಟಿಯ ತಪ್ಪು ಒಪ್ಪಿಕೊಂಡೆ. ಅದು ಎರಡು ಮಾತಿನಲ್ಲಿ ಮುಗಿಯಿತು. ಆಮೇಲೆ ಅವನದೇ ಕಟ್ಟೆ ಹತ್ತಿ ಹೇಳಿದೆ: "ನೂರಮಹಮ್ಮದನ ಸುಣ್ಣ ಬೂದಿ ಅಂದಿದ್ದೆ. ಸುಳ್ಳ. ನಲವತ್ತ ದಿನದ ಸುಣ್ಣಾ ನಾ ಹನ್ನೊಂದ ದಿನಕ್ಕ ತಗದೆ. ಬ್ಯಾಡಂದ್ರೂ ತಗದೆ. ಬಿದ್ದ ಮ್ಯಾಲ ಹಸಿ ಹರಳ ಆರಿಸಿ ಹಳ್ಳಕ್ಕ ಚೆಲ್ಲಿದೆ. ಕಮಾನ ಬಿದ್ದದ್ದು ನನ್ನಿಂದ. ನನ್ನ ಹೇಣ್ತಿ ಕಾಲ ಹ್ವಾದದ್ದು ನನ್ನಿಂದ."

ಆಕಾಶ ಬೀಳುತ್ತದೆ ಅಂದುಕೊಂಡಿದ್ದೆ. ಉಳ್ಳಾಗಡ್ಡಿ ತೂಗುತ್ತಿದ್ದ ಒಬ್ಬ ಹೆಂಗಸು, "ಆತಪಾ, ಇಳೀ, ಗಿರಾಕಿಗೆ ಅಡ್ಡ ಆಗತೈತಿ" ಅಂದಳು. ಅಷ್ಟೇ. ನನ್ನ ಸುಳ್ಳನ್ನು ಕೇಳಲು ಅರ್ಧ ಸಂತೆ ನಿಂತಿತ್ತು. ಖರೆ ಮಾತಿಗೆ ಹತ್ತು ಮಂದಿಯೂ ನಿಲ್ಲಲಿಲ್ಲ. ಇದೇ ನನ್ನನ್ನು ಹೆಚ್ಚು ಕಾಡಿದೆ. ಹೇಳಿದೆನಲ್ಲ ಅಂತ ಮಲಗುವ ಹಾಗಿಲ್ಲ. ಮಾತು ಹೋದಲ್ಲೆಲ್ಲ ನಾನೂ ಹೋಗಬೇಕಾಯಿತು. ಸನಮಡಿಗೆ ಹೋದೆ. ವಳಸಂಗಕ್ಕೆ ಹೋದೆ. ಹೊಸ ಮನೆ ಕಟ್ಟಿಸುತ್ತಿರುವವರ ಕಟ್ಟೆಕಟ್ಟೆಗೆ ಹೋಗಿ ಹೇಳಿದೆ. ನಮ್ಮ ಗ್ರಂಥದಲ್ಲಿ ಶಿಷ್ಯ ಪೇತ್ರನು ಗುರುವನ್ನು ಅರಿಯೆನೆಂದು ಮೂರು ಸಲ ಅಂದದ್ದಕ್ಕೆ ಗುರು ಅವನನ್ನು, ನನ್ನ ಮೇಲೆ ಪ್ರೀತಿ ಇದೆಯೇ ಅಂತ ಮೂರು ಸಲ ಕೇಳಿದನಂತೆ. ನನ್ನನ್ನು ವಳಸಂಗದ ಅಣ್ಣಾರಾಯನೊಬ್ಬನೇ, ಇದು ಖರೆಯೇನು ಅಂತ ಆರು ಸಲ ಕೇಳಿದ. ಕೊನೆಗೆ ಅಂದ: "ಅವತ್ತ ಒಂದ ಅಂದಿ, ಇವತ್ತ ಒಂದ ಅಂತಿ. ನೂರಮಹಮ್ಮದನ ಸುಣ್ಣ ಬೇಕಾದ್ರ ತಗೋತೀನಿ. ನಿನ್ನ ಗ್ವಾಡಿ ಬ್ಯಾಡ."

ತಿರುಗಿ ಬೈಯುವ ಮಾತು ಬಾಯಿಗೆ ಬಂತು. ಬರಲಿಲ್ಲ ಅಂತ ಸುಳ್ಳು ಬರೆಯುವುದಿಲ್ಲ. ನುಂಗಿದೆ.

ಈಗ ನನಗೆ ಯಾರೂ ಗೋಡೆಯ ಕೆಲಸ ಕೊಡುವುದಿಲ್ಲ. ಸಭೆಯಲ್ಲೂ ಹೇಳಿದೆ. ಪಾದ್ರಿಯವರು ರೊಟ್ಟಿ ಕೊಟ್ಟರು, ತಗೊಂಡೆ. ತಾಟು ಮಾತ್ರ ಈಗ ಅಮೋಗಸಿದ್ದ ಹಿಡಿಯುತ್ತಾನೆ, ಅವನೇ ಹಿರಿಯ. ಓರೆಯಾಗಿ ಹಿಡಿಯುತ್ತಾನೆ. ನಾನು ಏನೂ ಅನ್ನುವುದಿಲ್ಲ. ಒಮ್ಮೆ ಅಂದೆ.

ಕಮಾನನ್ನು ಮತ್ತೆ ಕಟ್ಟಬೇಕೆಂದು ಸಭೆ ನಿರ್ಧಾರ ಮಾಡಿದೆ. ಕೆಲಸ ಸನಮಡಿಯ ಬೀರದೇವನಿಗೆ ಕೊಟ್ಟಿದ್ದಾರೆ. ಒಂದು ಕಾಲಕ್ಕೆ ನನ್ನ ಕೈಕೆಳಗೆ ಕಲ್ಲು ಹೊತ್ತವನು. ಈಗ ನಾನು ಅವನ ಕೈಕೆಳಗೆ ಹೊರುತ್ತೇನೆ. ನಾನೇ ಕೇಳಿ ಪಡೆದದ್ದು. ದಿನಕ್ಕೆ ಹತ್ತು ಸಲ, "ಮಾವಾ, ಹಂಗಲ್ಲ, ಹಿಂಗ" ಅನ್ನುತ್ತಾನೆ. ಹತ್ತರಲ್ಲಿ ಏಳು ಸಲ ಅವನು ಹೇಳುವುದೇ ಸರಿ. ಇದನ್ನು ಅವನಿಗೆ ಹೇಳಬೇಡ.

ತಾರೀಖು ಇಟ್ಟಿಲ್ಲ. ಸುಣ್ಣ ಆದಾಗ ಕಮಾನು ಏರುತ್ತದೆ. ಆದರೆ ಸುಣ್ಣ ಯಾರದು ಅನ್ನುವುದು ಗೊತ್ತಾಗಬೇಕು. ಮಿರಜಿನಿಂದ ತರಿಸೋಣ ಅಂತ ಕೆಲವರು ಅನ್ನುತ್ತಾರೆ. ಬೀರದೇವ, "ನೂರಮಹಮ್ಮದ ಚಾಚಾ ಬಂದ್ರ ಅವರ ಸುಣ್ಣಾನs ಬೇಕು, ಇಲ್ಲಂದ್ರ ಮಿರಜ" ಅಂದಿದ್ದಾನೆ. ಅಣ್ಣಾರಾಯನೂ ಹೊಸ ಮನೆಗೆ ಸುಣ್ಣ ಕೇಳಿದ್ದಾನೆ.

ಇನ್ನೊಂದು. ವಿಜಾಪುರದ ನಿನ್ನ ಭಟ್ಟಿಯ ಮಾಲಕನಿಗೂ ಇದೇ ಟಪಾಲಿನಲ್ಲಿ ಬೇರೆ ಕಾಗದ ಹಾಕಿದ್ದೇನೆ. ನಡೆದದ್ದನ್ನು ಒಂದೂ ಬಿಡದೆ ಬರೆದಿದ್ದೇನೆ. ಶಿವಯೋಗೆಪ್ಪ ಸಾಕ್ಷಿಗೆಂದು ಸಹಿ ಹಾಕಿ ಕೊಟ್ಟ. ಮಾಲಕ ನಿನ್ನನ್ನು ಉಸ್ತಾದ ಮಾಡಿದರೆ ನೀನು ಅಲ್ಲೇ ಇರಬಹುದು. ಮಗಳು ಹತ್ತಿರದಲ್ಲಿದ್ದಾಳೆ, ಅಲ್ಲಿನ ಭಟ್ಟಿ ದೊಡ್ಡದು. ಬಾ ಅನ್ನುವ ಹಕ್ಕು ನನಗಿಲ್ಲ. ಕೇಳುವ ಹಕ್ಕು ಇದೆಯೋ ಇಲ್ಲವೋ, ಕೇಳುತ್ತಿದ್ದೇನೆ.

ಮಿರಜಿಗೆ ಹೇಳುವವರನ್ನು ಡಿಸೆಂಬರ್ ಹದಿನೈದರವರೆಗೆ ನಿಲ್ಲಿಸಿದ್ದೇನೆ. ಬರುವುದಾದರೆ ಬರುತ್ತೇನೆ ಅಂತ ಬರೆ, ಒಲ್ಲೆಯಾದರೆ ಒಲ್ಲೆ ಅಂತ ಬರೆ. ಸುಮ್ಮನೆ ಕೂರಬೇಡ. ಹದಿನೈದರೊಳಗೆ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.

ಸೋಮನಿಂಗಪ್ಪ